ಮುಳ್ಳಿದ್ದವರಿಗೆ ಕಾಲಿಗೆ ನೀರು

ಹೂಂ ಅನ್ನುವವರು ಹತ್ತಿರ ಕೂತುಕೊಳ್ಳಿ. ನಗುವವರು ಒಂದಿಷ್ಟು ದೂರ ಕೂತುಕೊಳ್ಳಿ. ನೀವು ನಕ್ಕರೆ ನನಗೆ ಮುಂದಿನ ಮಾತು ಮರೆತುಹೋಗುತ್ತದೆ.

ಕಣಜನಹಳ್ಳಿ ಅಂತ ಒಂದು ಊರು. ಆ ಊರಲ್ಲಿ ತಿಪ್ಪಕ್ಕ ಅಂತ ಒಬ್ಬಳು. ತಿಪ್ಪಕ್ಕನಿಗೆ ಒಬ್ಬನೇ ಮಗ, ಅವನ ಹೆಸರು ಜೋಗ. ಮಗ ಅಂದರೆ ಎಳೆಯ ಹುಡುಗ ಅಂದುಕೊಳ್ಳಬೇಡಿ, ಮೀಸೆ ಬಂದು ಎಂಟು ವರ್ಷವಾಗಿತ್ತು. ಮೀಸೆ ಬಂದಿತ್ತು, ಬುದ್ಧಿ ಇನ್ನೂ ದಾರಿಯಲ್ಲೇ ಇತ್ತು. ಆದರೆ ಒಂದು ಗುಣ ಹೇಳಲೇಬೇಕು. ಜೋಗ ಅವ್ವನ ಮಾತು ಮೀರುವವನಲ್ಲ. ಹೇಳಿದಷ್ಟೇ ಮಾಡುತ್ತಿದ್ದ, ಹೇಳಿದ ಹಾಗೇ ಮಾಡುತ್ತಿದ್ದ. "ಹಾಲು ಉಕ್ಕಿದರೆ ಕೂಗೋ" ಅಂದರೆ ಹಾಲು ಉಕ್ಕಿ, ಒಲೆ ಆರಿ, ಬೂದಿ ನೆನೆಯುವ ತನಕ ಕಾದು, ಆಮೇಲೆ "ಅವ್ವಾ, ಉಕ್ತು!" ಅಂತ ಕೂಗುತ್ತಿದ್ದ. ಉಕ್ಕುವ ಮುಂಚೆ ಕೂಗು ಅಂತ ಅವಳು ಹೇಳಿರಲಿಲ್ಲವಲ್ಲ!

"ನಾನು ಕಣ್ಣು ಮುಚ್ಚಿದ ಮೇಲೆ ನಿನ್ನ ಗತಿ ಏನೋ?" ಅಂತ ತಿಪ್ಪಕ್ಕ ದಿನಕ್ಕೊಂದು ಸಲ ಹಣೆ ಚಚ್ಚಿಕೊಳ್ಳುತ್ತಿದ್ದಳು.

ಆದರೂ ನಿಜ ಹೇಳಿಬಿಡುತ್ತೇನೆ. ತಿಪ್ಪಕ್ಕನ ನಿದ್ದೆ ಕೆಡಿಸಿದ್ದು ಮಗನಲ್ಲ, ಬೇಲಿಯಾಚೆಯ ಮಾಳಕ್ಕ.

ಮಾಳಕ್ಕ ಯಾರು ಅಂತ ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಅವಳು ತಿಪ್ಪಕ್ಕನ ಓರಗಿತ್ತಿ, ಅಂದರೆ ಗಂಡನ ತಮ್ಮನ ಹೆಂಡತಿ. ಅಣ್ಣ ತಮ್ಮ ಇಬ್ಬರೂ ಕುರಿಮಂದೆ ಹೊಡೆದುಕೊಂಡು ಹೋದರೆ ತಿಂಗಳುಗಟ್ಟಲೆ ಊರಿಗೆ ಬರುತ್ತಿರಲಿಲ್ಲ. ಮನೆ ಎರಡೂ ಅಕ್ಕಪಕ್ಕ. ಹಿತ್ತಲು ಎರಡೂ ಅಕ್ಕಪಕ್ಕ. ನಡುವೆ ಒಂದು ಜಾಲಿಮುಳ್ಳಿನ ಬೇಲಿ. ಈಚೆಗೆ ತಿಪ್ಪಕ್ಕನ ಬದನೆ, ಆಚೆಗೆ ಮಾಳಕ್ಕನ ಬದನೆ. ತಿಪ್ಪಕ್ಕನ ಗಿಡಕ್ಕೆ ಹುಳ. ಮಾಳಕ್ಕನ ಗಿಡಕ್ಕೆ? ಹುಡುಕಿದರೂ ಒಂದು ಹುಳವಿಲ್ಲ!

ಯಾಕೆ ಅಂದರೆ ಮಾಳಕ್ಕನ ಹಿತ್ತಲಿಗೆ ಮುಳ್ಳಿಲಿ ಬರುತ್ತಿದ್ದವು.

ಮುಳ್ಳಿಲಿ ಅಂದರೆ ಕಣಜದ ಇಲಿಯಲ್ಲ, ಕಾಡಿನ ಮುಳ್ಳುಹಂದಿಯೂ ಅಲ್ಲ. ಅರ್ಧ ಹೋಳು ತೆಂಗಿನಕಾಯಿಯಷ್ಟು ಗಾತ್ರ. ಚೂಪು ಮೂತಿ, ಬೆನ್ನ ತುಂಬ ಮುಳ್ಳು. ಹೆದರಿದರೆ ತಲೆ ಕಾಲು ಎಲ್ಲ ಒಳಗೆಳೆದುಕೊಂಡು ಮುಳ್ಳಿನ ಚೆಂಡಾಗಿಬಿಡುತ್ತದೆ. ದೀಪ ಹಚ್ಚುವ ಹೊತ್ತಿಗೆ ಬಂದು ಗಿಡದ ಬುಡದ ಹುಳವನ್ನೆಲ್ಲ ಮೂಸಿ ಮೂಸಿ ತಿನ್ನುತ್ತದೆ. ಮಾಳಕ್ಕ ಅವಕ್ಕೆ ಒಂದು ತಟ್ಟೆಯಲ್ಲಿ ಗೆದ್ದಲು, ಬೇಯಿಸಿದ ಮೊಟ್ಟೆಯ ಚೂರು ಇಡುತ್ತಿದ್ದಳು. ಮೇಲೆ ಒಂದು ಒಡಕು ಮಡಕೆ ಬೋರಲು ಹಾಕುತ್ತಿದ್ದಳು. ಮಡಕೆಯ ಪಕ್ಕದಲ್ಲಿ ಅಂಗೈಯಗಲದ ತೂತು. ಆ ತೂತಿನಲ್ಲಿ ಮುಳ್ಳಿಲಿ ನುಗ್ಗುತ್ತದೆ, ನಾಯಿ ಬೆಕ್ಕು ನುಗ್ಗುವುದಿಲ್ಲ.

ಬೀದಿಯ ಹೆಂಗಸರೆಲ್ಲ ಬಂದು ನೋಡುತ್ತಿದ್ದರು. "ಮಾಳವ್ವನ ಕೈಗುಣ!" ಅನ್ನುತ್ತಿದ್ದರು. ಅವರು ಹಾಗೆ ಅಂದಾಗಲೆಲ್ಲ ಬೇಲಿಯ ಈಚೆ ತಿಪ್ಪಕ್ಕನ ಬಾಯಲ್ಲಿದ್ದ ಮುದ್ದೆ ಗಂಟಲಲ್ಲೇ ನಿಲ್ಲುತ್ತಿತ್ತು.

ಇದಾದರೂ ತಡೆದುಕೊಳ್ಳುತ್ತಿದ್ದಳೇನೋ. ತಡೆಯಲಾಗದ್ದು ಇನ್ನೊಂದಿತ್ತು. ಇವರ ಗಂಡಂದಿರಿಗೆ ಒಬ್ಬಳು ಅಕ್ಕ, ಈರಕ್ಕ. ಕೊಟ್ಟ ಊರಿಂದ ವರ್ಷಕ್ಕೊಮ್ಮೆ ಬದನೆ ಬೀಜಕ್ಕೆಂದು ತವರಿಗೆ ಬರುತ್ತಾಳೆ. ಬಂದವಳು ಯಾರ ಮನೆ ಬಾಗಿಲಲ್ಲಿ ಮೊದಲು ಕಾಲು ತೊಳೆಯುತ್ತಾಳೋ ಆ ಮನೆಯವಳಿಗೆ ವರ್ಷಪೂರ್ತಿ ಎದೆ ಮುಂದೆ. ಮೂರು ವರ್ಷದಿಂದ ಈರಕ್ಕ ಕಾಲು ತೊಳೆದದ್ದು ಮಾಳಕ್ಕನ ಬಾಗಿಲಲ್ಲೇ! ತಿಪ್ಪಕ್ಕ ಹಿರೀ ಸೊಸೆ. ನೀರು ತುಂಬಿದ ಚೆಂಬು ಹಿಡಿದುಕೊಂಡು ನಿಂತೇ ಇದ್ದಳು, ಮೂರು ವರ್ಷ. ಹೋದ ವರ್ಷ ಈರಕ್ಕ ಹೊರಡುವಾಗ, "ಬೇಜಾರು ಮಾಡ್ಕೋಬೇಡ ಕಣೇ ತಿಪ್ಪೀ. ನಿನ್ನ ಹಿತ್ತಲಲ್ಲಿ ಮುಳ್ಳಿಲಿ ಬಂದು ಉಂಡ್ರೆ ನಿನ್ನ ಬಾಗಿಲಲ್ಲೇ ಕಾಲು ತೊಳೀತೀನಿ" ಅಂದಿದ್ದಳು.

ಈ ವರ್ಷ ಈರಕ್ಕ ಬರುವುದಕ್ಕೆ ಇನ್ನು ಮೂರೇ ದಿನ ಇತ್ತು. ತಿಪ್ಪಕ್ಕ ಮಗನನ್ನು ಕರೆದಳು.

"ಲೋ ಜೋಗಾ! ಈ ತಟ್ಟೆ ತಗೊಂಡ್ಹೋಗಿ ಹಿತ್ತಲಲ್ಲಿ ಇಡು. ಗೆದ್ದಲು ಐತೆ, ಮೊಟ್ಟೆ ಐತೆ. ಇಟ್ಟು ಪಕ್ಕದಲ್ಲಿ ಸುಮ್ಮನೆ ಕೂತ್ಕೊ."

"ಹಂಗೇ ಮಾಡ್ತೀನಿ ಕಣವ್ವ!"

ಹೋದ, ಇಟ್ಟ, ಸುಮ್ಮನೆ ಕೂತ. ಬೀದಿಯ ಕಂದು ಬೆಕ್ಕು ಬಂತು. ಜೋಗ ನೋಡಿದ. ಬೆಕ್ಕು ಮೊಟ್ಟೆ ತಿಂದಿತು. ಜೋಗ ನೋಡಿದ. ಬೆಕ್ಕು ಮೀಸೆ ನೆಕ್ಕಿಕೊಂಡು ಹೋಯಿತು. ಅದನ್ನೂ ನೋಡಿದ.

"ಬಂತೇನೋ?" ಅಂದಳು ತಿಪ್ಪಕ್ಕ.

"ಬಂತು ಕಣವ್ವ. ಬೆಕ್ಕು ಬಂತು."

"ಬೆಕ್ಕಾ! ಓಡಿಸಲಿಲ್ವೇನೋ?"

"ಸುಮ್ಮನೆ ಕೂತ್ಕೊ ಅಂದ್ಯಲ್ಲವ್ವ, ಸುಮ್ಮನೆ ಕೂತಿದ್ದೆ."

"ಅಯ್ಯೋ ನನ್ನ ಕರ್ಮವೇ! ಮಾಳಿ ಮನೇಲಿ ಮುಳ್ಳಿಲಿ ಉಣ್ತವೆ, ನಮ್ಮನೇಲಿ ಕಳ್ಳ ಬೆಕ್ಕು ಉಣ್ತದೆ! ಕೇಳಿಸ್ಕೊ, ತಟ್ಟೆ ಹತ್ರ ಯಾರೇ ಬರಲಿ, ಕೋಲು ತಗೊಂಡು ಓಡಿಸ್ಬೇಕು!"

"ಹಂಗೇ ಮಾಡ್ತೀನಿ ಕಣವ್ವ!"

ಮಾರನೆಯ ದಿನ ತಿಪ್ಪಕ್ಕ ಇನ್ನೊಂದು ಮೊಟ್ಟೆ ಬೇಯಿಸಿದಳು. ಮಾಳಕ್ಕನ ಹಾಗೆ ಒಂದು ಮಡಕೆ ಬೋರಲು ಹಾಕಿದರೆ ಮುಗಿದುಹೋಗುತ್ತಿತ್ತಲ್ಲ ಅಂತ ನೀವು ಕೇಳಬಹುದು. ತಿಪ್ಪಕ್ಕನಿಗೂ ಅದು ಹೊಳೆದಿತ್ತು. ಆದರೆ ಮಾಳಕ್ಕನ ಹಾಗೆ ಮಾಡಿದರೆ ಮಾಳಕ್ಕನನ್ನು ನೋಡಿ ಕಲಿತಂತಾಗುತ್ತದೆ! ಅದಕ್ಕಿಂತ ಬೆಕ್ಕೇ ತಿನ್ನಲಿ ಅನ್ನುವಷ್ಟು ಹಟ ಅವಳಿಗೆ. ಕಾವಲಿಗೆ ಮಗನೇ ಇರಲಿ ಅಂತ ಬಿಟ್ಟಳು.

ಜೋಗ ಕೋಲು ಹಿಡಿದು ಕೂತ. ಸೂರ್ಯ ಇಳಿದ. ಬೇಲಿಯ ಸಂದಿನಲ್ಲಿ ಸರಸರ ಸದ್ದಾಯಿತು. ಚೂಪು ಮೂತಿ ಹೊರಗೆ ಬಂತು, ಆಮೇಲೆ ಮುಳ್ಳಿನ ಬೆನ್ನು ಬಂತು. ಹೌದು, ಮುಳ್ಳಿಲಿಯೇ! ಮೂಸಿತು, ಮುಂದೆ ಬಂತು, ಮತ್ತೆ ಮೂಸಿತು, ತಟ್ಟೆಗೆ ಬಾಯಿ ಹಾಕಬೇಕು...

"ಹೋಯ್! ಹೋಗ್ ಹೋಗ್! ಹೋಯ್!" ಜೋಗ ಕೋಲಿನಿಂದ ನೆಲಕ್ಕೆ ಬಡಿದ. ಮುಳ್ಳಿಲಿ ಬಂದ ಸಂದಿನಲ್ಲೇ ತೂರಿಕೊಂಡು ಮಾಳಕ್ಕನ ಹಿತ್ತಲು ಸೇರಿತು.

ಆಚೆಯಿಂದ ಮಾಳಕ್ಕನ ದನಿ ಕೇಳಿಸಿತು: "ಬಾರಮ್ಮ ಬಾ, ಯಾರು ಓಡಿಸಿದ್ರೇ ನಿನ್ನ?"

ತಿಪ್ಪಕ್ಕನ ಕಿವಿಗೆ ಕಾದ ಎಣ್ಣೆ ಹೊಯ್ದ ಹಾಗಾಯಿತು.

"ಏನೋ ಮಾಡ್ದೆ, ಮನೆಹಾಳ!"

"ಯಾರೇ ಬಂದ್ರೂ ಓಡಿಸು ಅಂದೆ. ಅದೂ ಬಂತು, ಓಡಿಸ್ದೆ."

"ಅಯ್ಯೋ ನನ್ನ ಕರ್ಮವೇ! ಅದು ನೆಂಟರು ಕಣೋ! ಮನೆಗೆ ಬಂದ ನೆಂಟರನ್ನ ಓಡಿಸ್ತಾರೇನೋ? ನಿಮ್ಮ ಈರತ್ತೆ ಬಂದ್ರೆ ಏನ್ ಮಾಡ್ತೀವಿ? ಕಾಲಿಗೆ ನೀರು ಕೊಡ್ತೀವಿ, ಕಂಬಳಿ ಹಾಸಿ ಕೂರಿಸ್ತೀವಿ, ಸಾಕು ಅಂದ್ರೂ ಬಡಿಸ್ತೀವಿ, ಉಣ್ಣದೆ ಎದ್ದು ಹೋಗೋಕೆ ಬಿಡಲ್ಲ! ಹಂಗೆ ನೋಡ್ಕೋಬೇಕು!"

"ಹಂಗೇ ಮಾಡ್ತೀನಿ ಕಣವ್ವ!"

ಮೂರನೆಯ ದಿನ ತಿಪ್ಪಕ್ಕ ಗೆದ್ದಲು ತರಲು ಹೊಲದ ಹುತ್ತದ ಕಡೆ ಹೋಗಿದ್ದಳು. ತಿರುಗಿ ಬರುವಾಗ ಹಿತ್ತಲಿಂದ ಮಾತು ಕೇಳಿಸಿತು.

"ಇನ್ನೊಂದು ತುತ್ತು! ಅಯ್ಯೋ, ಸಂಕೋಚ ಮಾಡ್ಕೋಬೇಡಿ! ನಮ್ಮನೇದು ರುಚಿ ಇಲ್ವಾ?"

ಬಂದೇಬಿಟ್ಟಿತು ಅಂತ ತಿಪ್ಪಕ್ಕ ಸೆರಗು ಸಿಕ್ಕಿಸಿಕೊಂಡು ಓಡಿದಳು. ನೋಡುತ್ತಾಳೆ, ಬೀದಿಯ ಕರೀ ನಾಯಿ! ಈರಕ್ಕನಿಗೆಂದು ಒಗೆದು ಮಡಿಸಿಟ್ಟಿದ್ದ ಹೊಸ ಕಂಬಳಿಯ ಮೇಲೆ ಕೂತಿದೆ. ನಾಲ್ಕು ಕಾಲೂ ಒದ್ದೆ. ಮುಂದೆ ಮುದ್ದೆ, ಸಾರು, ಮೊಟ್ಟೆ. ಜೋಗ ಸೌಟು ಹಿಡಿದು ಬಡಿಸುತ್ತಿದ್ದಾನೆ.

"ಜೋಗಾ!"

"ಮೆಲ್ಲಗೆ ಕಣವ್ವ, ನೆಂಟರು ಉಣ್ತಾವ್ರೆ. ಕಾಲಿಗೆ ನೀರು ಕೊಟ್ಟೆ, ತೊಳ್ಕೊಳ್ಳಲಿಲ್ಲ, ನಾನೇ ತೊಳ್ದೆ. ಎಲೆ ಅಡಿಕೆ ಮಾತ್ರ ಬೇಡ ಅಂದ್ರು."

ಬೇಲಿಯಾಚೆ ಮಾಳಕ್ಕ ನಕ್ಕಳು. ಜೋರಾಗಿ ನಗಲಿಲ್ಲ, ಬಾಯಿಗೆ ಸೆರಗು ಹಿಡಿದು ನಕ್ಕಳು. ಜೋರಾಗಿ ನಕ್ಕಿದ್ದರೆ ಬೈಯಬಹುದಿತ್ತು. ಸೆರಗು ಹಿಡಿದು ನಕ್ಕವಳನ್ನು ಏನಂತ ಬೈಯುವುದು? ತಿಪ್ಪಕ್ಕನಿಗೆ ಅದೇ ಇನ್ನಷ್ಟು ಉರಿಯಿತು.

"ಎಷ್ಟು ಚೆನ್ನಾಗಿ ಉಪಚಾರ ಮಾಡ್ತಾನಕ್ಕ ನಿನ್ನ ಮಗ!" ಅಂದಳು ಮಾಳಕ್ಕ.

"ನಿನ್ನ ಹಿತ್ತಲು ನೀನು ನೋಡ್ಕೊಳೇ ಮಾಳೀ!" ಅಂದಳು ತಿಪ್ಪಕ್ಕ. ಆಮೇಲೆ ಮಗನ ಕಿವಿ ಹಿಡಿದಳು.

"ಅಯ್ಯೋ ನನ್ನ ಕರ್ಮವೇ! ನಾಯಿಗೂ ಮುಳ್ಳಿಲಿಗೂ ಗುರುತು ಗೊತ್ತಾಗಲ್ವೇನೋ? ನೋಡು, ಒಂದೇ ಒಂದು ಮಾತು ಹೇಳ್ತೀನಿ, ತಲೇಲಿ ಇಟ್ಕೊ. ಮೈಮೇಲೆ ಮುಳ್ಳಿದ್ರೆ ನೆಂಟರು, ಒಳಗೆ ಬಿಡು. ಮುಳ್ಳಿಲ್ದಿದ್ರೆ ಕೋಲು ತಗೊ. ಅವರು ಯಾರಾದ್ರೂ ಸರಿ, ಹೇಗಿದ್ರೂ ಸರಿ, ನಮ್ಮ ಹಿತ್ತಲಿಗೆ ಕಾಲಿಡಬಾರದು!"

"ಮುಳ್ಳಿದ್ರೆ ನೆಂಟರು. ಮುಳ್ಳಿಲ್ದಿದ್ರೆ ಕೋಲು. ಹಂಗೇ ಮಾಡ್ತೀನಿ ಕಣವ್ವ!"

ಈ ಸಲ ಮಾತು ಸರಿಯಾಗಿ ಹೇಳಿದೆ ಅಂತ ತಿಪ್ಪಕ್ಕನಿಗೂ ಅನ್ನಿಸಿತು. ಇದರಲ್ಲಿ ತಪ್ಪಿ ನಡೆಯುವುದಕ್ಕೆ ಎಲ್ಲಿ ಜಾಗ ಐತೆ?

ಜಾಗ ಇತ್ತು. ನಾಲ್ಕನೆಯ ದಿನ ಮಧ್ಯಾಹ್ನ ಈರಕ್ಕ ಬಂದಳು. ಬಸ್ಸು ಇಳಿದು, ಬಿಸಿಲಿಗೆ ಹೆದರಿ, ಬೀದಿ ಸುತ್ತದೆ ಕಾಲುದಾರಿಯಲ್ಲಿ ನೇರ ತಿಪ್ಪಕ್ಕನ ಹಿತ್ತಲಿಗೇ ಬಂದಳು. ನಾಲ್ಕು ವರ್ಷಕ್ಕೆ ಮೊದಲ ಸಲ ಅವಳ ಕಾಲು ತಿಪ್ಪಕ್ಕನ ಕಡೆ ತಿರುಗಿತ್ತು! ಒಳಗೆ ತಿಪ್ಪಕ್ಕ ಚೆಂಬಿಗೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದಳು. ಈರಕ್ಕನಿಗೆ ನೀರು ಕೊಡುವ ಚೆಂಬು ಫಳಫಳ ಅನ್ನಬೇಕಲ್ಲ.

"ಜೋಗಾ, ಚೆನ್ನಾಗಿದ್ದೀಯೇನೋ ಮಗನೇ?" ಅಂದಳು ಈರಕ್ಕ.

"ಚೆನ್ನಾಗಿದ್ದೀನಿ ಈರತ್ತೆ. ನಿಂಗೆ ಮೈಮೇಲೆ ಮುಳ್ಳೈತಾ?"

"ನಂಗ್ಯಾಕೋ ಮುಳ್ಳು?"

"ಬೆನ್ನು ತೋರ್ಸು."

ಈರಕ್ಕ ನಗುತ್ತಾ ತಿರುಗಿ ಬೆನ್ನು ತೋರಿಸಿದಳು. ಮುಳ್ಳಿರಲಿಲ್ಲ. ಜೋಗ ಕೋಲು ತೆಗೆದುಕೊಂಡ. "ಹೋಯ್! ಹೋಗ್ ಹೋಗ್! ಹೋಯ್!"

ಗಂಟು ಬಿದ್ದಿತು, ಚಪ್ಪಲಿ ಒಂದು ಕಡೆ ಹಾರಿತು, ಅರವತ್ತು ವರ್ಷದ ಈರಕ್ಕ ಹುಡುಗಿಯ ಹಾಗೆ ಓಡಿದಳು. ಓಡಿ ಎಲ್ಲಿಗೆ ಹೋದಳು? ಮತ್ತೆಲ್ಲಿಗೆ, ಮಾಳಕ್ಕನ ಬಾಗಿಲಿಗೆ! ತಿಪ್ಪಕ್ಕ ಹೊರಗೆ ಬರುವ ಹೊತ್ತಿಗೆ ಮಾಳಕ್ಕ ನೀರು ಕೊಟ್ಟಾಗಿತ್ತು, ಈರಕ್ಕ ಕಾಲು ತೊಳೆದಾಗಿತ್ತು.

ನಾಲ್ಕನೆಯ ವರ್ಷ!

ತಿಪ್ಪಕ್ಕ ಬೈಯಲಿಲ್ಲ. ಫಳಫಳ ಅನ್ನುವ ಚೆಂಬು ಹಿಡಿದುಕೊಂಡು ಬದನೆ ಗಿಡದ ನಡುವೆ ಕುಸಿದು ಕೂತಳು. ಈರಕ್ಕ ದೊಡ್ಡ ಮನಸ್ಸಿನವಳು. ಬೇಲಿಯ ಮೇಲಿಂದ ತಲೆ ಎತ್ತಿ ಹೇಳಿದಳು: "ಅಳಬೇಡ ಕಣೇ ತಿಪ್ಪೀ. ನಾಳೆ ಹೊತ್ತಾರೆ ಹೋಗ್ತೀನಿ. ಅಷ್ಟರಲ್ಲಿ ನಿನ್ನ ಹಿತ್ತಲಲ್ಲಿ ಒಂದೇ ಒಂದು ಮುಳ್ಳಿಲಿ ಉಂಡಿದ್ದು ತೋರಿಸು. ಬಂದು ನಿನ್ನ ಬಾಗಿಲಲ್ಲೂ ಕಾಲು ತೊಳೀತೀನಿ."

ಆಗ ತಿಪ್ಪಕ್ಕನ ತಲೆಯೊಳಗೆ ಒಂದು ಕೆಟ್ಟ ಯೋಚನೆ ಬಂತು. ತಾನಾಗಿ ಬರದಿದ್ದರೆ ಏನಂತೆ? ಮಾಳಿಯ ಹಿತ್ತಲಿಂದ ಕದ್ದು ಬೇಲಿ ಸಂದಿನಲ್ಲಿ ಈಚೆಗೆ ತೂರಿಸಬಹುದಲ್ಲ! ಮಾಳಿಗೇನು ಕಡಿಮೆ, ಒಂದು ಹೋದರೆ ಇನ್ನೆರಡು ಇರುತ್ತವೆ.

ಮಗನನ್ನು ಕರೆದು ಒಂದು ದೊಡ್ಡ ಮಂಕರಿ ಕೈಗೆ ಕೊಟ್ಟಳು. ಮಂಕರಿ ಅಂದರೆ ಗೊಬ್ಬರ ಹೊರುವ ಬುಟ್ಟಿ, ಒಂದು ಕುರಿಯನ್ನೇ ಮುಚ್ಚಿಡುವಷ್ಟು ಅಗಲ.

"ಕೇಳೋ ಮಗನೇ, ಇವತ್ತು ತಪ್ಪಬಾರದು. ದೀಪ ಹಚ್ಚೋ ಹೊತ್ತಿಗೆ ಬೇಲಿ ಸಂದೀಲಿ ಮುಳ್ಳಿರೋದು ಬಂದ ತಕ್ಷಣ ತಟ್ಟೆ ಇಡು, ಮಂಕರಿ ಮುಚ್ಚು, ಮೇಲೆ ಕೂತ್ಕೊ. ಒಳಗೆ ಎಷ್ಟು ಒದ್ದಾಡಿದ್ರೂ ಏಳಬೇಡ. ಬೀದಿಗೆಲ್ಲ ಕೇಳೋ ಹಂಗೆ ಕೂಗು. ಎಲ್ಲರೂ ಬಂದು ನೋಡಲಿ. ಆ ಮಾಳಿ ಮೊದಲು ನೋಡಲಿ!"

"ಹಂಗೇ ಮಾಡ್ತೀನಿ ಕಣವ್ವ!"

"ನಾನು ಸ್ವಲ್ಪ ಆಚೆ ಹೋಗಿ ಬರ್ತೀನಿ" ಅಂದಳು ತಿಪ್ಪಕ್ಕ. ಎಲ್ಲಿಗೆ ಅಂತ ಹೇಳಲಿಲ್ಲ. ಕಳ್ಳತನಕ್ಕೆ ಹೋಗುತ್ತೇನೆ ಅಂತ ಮಗನಿಗೆ ಹೇಗೆ ಹೇಳುವುದು? ಹೇಳಿದ್ದರೆ ಈ ಕತೆ ಬೇರೆಯೇ ಆಗುತ್ತಿತ್ತು.

ಹೊತ್ತು ಮುಳುಗಿತು. ಮಾಳಕ್ಕ, ಈರಕ್ಕ ಒಳಗೆ ಮಾತಾಡುತ್ತಾ ಕೂತಿದ್ದರು. ತಿಪ್ಪಕ್ಕ ಬಗ್ಗಿ ಬಗ್ಗಿ ಬೀದಿಯ ಕಡೆಯಿಂದ ಮಾಳಕ್ಕನ ಹಿತ್ತಲಿಗೆ ನುಗ್ಗಿದಳು. ಬೋರಲು ಮಡಕೆ ಎತ್ತಿದಳು. ಒಳಗೆ ಒಂದು ಮುಳ್ಳಿಲಿ ಕೂತು ಮೊಟ್ಟೆ ಮೆಲ್ಲುತ್ತಿತ್ತು. ಅವಳನ್ನು ನೋಡಿ ಚೆಂಡಾಯಿತು. ತಿಪ್ಪಕ್ಕ ಅದನ್ನು ಸೆರಗಿನಲ್ಲಿ ಸುತ್ತಿಕೊಂಡಳು. ಮುಳ್ಳು ಚುಚ್ಚಿತು. ತುಟಿ ಕಚ್ಚಿಕೊಂಡಳು. ಅಷ್ಟರಲ್ಲಿ ಮಾಳಕ್ಕನ ಬಾಗಿಲು ಕಿರ್ರ್ ಅಂತು!

ಬಂದ ದಾರಿಯಲ್ಲಿ ಹೋದರೆ ಎದುರಿಗೇ ಸಿಗಬೇಕು. ಉಳಿದದ್ದು ಬೇಲಿಯ ಸಂದು. ತಿಪ್ಪಕ್ಕ ಮಂಡಿಯೂರಿ ತಲೆ ತೂರಿಸಿದಳು. ತಲೆ ಹೋಯಿತು, ಭುಜ ಸಿಕ್ಕಿಕೊಂಡಿತು. ಎಳೆದಳು. ಭುಜ ಬಂತು, ಬೆನ್ನು ಸಿಕ್ಕಿಕೊಂಡಿತು. ಮತ್ತೆ ಎಳೆದಳು. ಅರ್ಧ ಬೇಲಿ ಕಿತ್ತುಕೊಂಡು ಬಂತು! ಸೀರೆ ತುಂಬ, ರವಿಕೆ ತುಂಬ, ಮುಡಿ ತುಂಬ ಜಾಲಿಮುಳ್ಳು. ಹಾಗೇ ನಾಲ್ಕು ಕಾಲಲ್ಲಿ ತನ್ನ ಹಿತ್ತಲಿಗೆ ತೆವಳಿ ಬಂದಳು.

ಮಬ್ಬು ಬೆಳಕಲ್ಲಿ ಜೋಗ ನೋಡಿದ. ಬೇಲಿ ಸಂದಿಯಿಂದ ಬಂದದ್ದು ಹೌದು. ಮೈಮೇಲೆ ಮುಳ್ಳಿರುವುದೂ ಹೌದು.

"ಅಬ್ಬಬ್ಬಾ! ಎಷ್ಟು ದೊಡ್ಡದು!" ಅಂದ ಜೋಗ. ತಟ್ಟೆ ಇಟ್ಟ. ಮಂಕರಿ ಮುಚ್ಚಿದ. ಮೇಲೆ ಕೂತ.

"ಲೋ! ನಾನು ಕಣೋ! ನಿಮ್ಮವ್ವ ಕಣೋ!" ಅಂತು ಮಂಕರಿ.

"ಗೊತ್ತು ಕಣವ್ವ" ಅಂದ ಜೋಗ. "ಒದ್ದಾಡಿದ್ರೂ ಏಳಬೇಡ ಅಂದಿದ್ದೀಯಲ್ಲ."

ಆಮೇಲೆ ಬೀದಿಗೆಲ್ಲ ಕೇಳುವ ಹಾಗೆ ಕೂಗಿದ. "ಬರ್ರಪ್ಪೋ ಬರ್ರಿ! ನಮ್ಮ ಹಿತ್ತಲಿಗೂ ಬಂತು! ಮಾಳಚಿಕ್ಕವ್ವ ಮೊದ್ಲು ಬಾ, ನೀನೇ ಮೊದ್ಲು ನೋಡ್ಬೇಕಂತೆ!"

ಮಾಳಕ್ಕ ಬಂದಳು. ಈರಕ್ಕ ಬಂದಳು. ಬೀದಿಯ ಹೆಂಗಸರೆಲ್ಲ ಲಾಟೀನು ಹಿಡಿದು ಬಂದರು. ಈರಕ್ಕ ಜೋಗನನ್ನು ಎಬ್ಬಿಸಿ ಮಂಕರಿ ಎತ್ತಿಸಿದಳು.

ತಿಪ್ಪಕ್ಕ ಮುದುಡಿಕೊಂಡು ಕೂತಿದ್ದಳು, ಮುಖ ಮಂಡಿಯೊಳಗೆ, ಬೆನ್ನು ತುಂಬ ಮುಳ್ಳು. ಅವಳ ಪಕ್ಕದಲ್ಲಿ, ಸೆರಗಿನಿಂದ ಬಿಡಿಸಿಕೊಂಡು ಬಂದ ಮುಳ್ಳಿಲಿ ತಟ್ಟೆಯ ಮೊಟ್ಟೆಯನ್ನು ಚಪ್ಪರಿಸಿ ತಿನ್ನುತ್ತಿತ್ತು.

ಮುರಿದ ಬೇಲಿ ಅಲ್ಲೇ ಇತ್ತು, ಯಾರೂ ಏನೂ ಕೇಳಬೇಕಾಗಿರಲಿಲ್ಲ. ಈಗ ನಗುತ್ತಾಳೆ, ಈಗ ನಗುತ್ತಾಳೆ ಅಂತ ತಿಪ್ಪಕ್ಕ ಮಾಳಕ್ಕನ ನಗುವಿಗೆ ಕಾದಳು. ಮಾಳಕ್ಕ ನಗಲಿಲ್ಲ. ಹಿಂದೆ ಬಂದು ಕೂತು ಒಂದೊಂದೇ ಮುಳ್ಳು ಕೀಳತೊಡಗಿದಳು.

"ನಿನ್ನ ನೋಡಿದ್ರೆ ನಂಗೆ ಹೊಟ್ಟೆಕಿಚ್ಚು ಕಣಕ್ಕ" ಅಂದಳು, ತಿಪ್ಪಕ್ಕನಿಗೆ ಮಾತ್ರ ಕೇಳುವ ಹಾಗೆ.

"ನನ್ನ ನೋಡಿದ್ರಾ!"

"ನಂಗೂ ಒಬ್ಬ ಮಗ ಅವ್ನೆ. ಹತ್ತು ಸಲ ಕೂಗಿದ್ರೆ ಒಂದು ಸಲ ಹೂಂ ಅಂತಾನೆ. ದಿನಾ ಬೇಲಿ ಆಚೆಯಿಂದ ಕೇಳಿಸ್ಕೊತೀನಿ. 'ಹಂಗೇ ಮಾಡ್ತೀನಿ ಕಣವ್ವ, ಹಂಗೇ ಮಾಡ್ತೀನಿ ಕಣವ್ವ' ಅಂತಾನೆ ನಿನ್ನ ಮಗ. ಆಗ ಮುದ್ದೆ ಗಂಟಲಲ್ಲಿ ಇಳಿಯಲ್ಲ ನಂಗೆ."

ತಿಪ್ಪಕ್ಕ ತಲೆ ಎತ್ತಿದಳು. ಇಷ್ಟು ವರ್ಷ ಉರಿದದ್ದು ತಾನೊಬ್ಬಳೇ ಅಂದುಕೊಂಡಿದ್ದಳು. ಮಾಳಿಗೂ ತನ್ನ ಮೇಲೆ ಹೊಟ್ಟೆಕಿಚ್ಚು! ಬೆನ್ನು ಉರಿಯುತ್ತಿದ್ದರೂ ಒಳಗೆ ತಣ್ಣೀರು ಹೊಯ್ದ ಹಾಗಾಯಿತು.

ಈರಕ್ಕ ಗಂಟಲು ಸರಿಮಾಡಿಕೊಂಡಳು. "ಹೇಗೆ ಬಂತು ಅಂತ ನಾನು ಕೇಳಲ್ಲ. ಉಂಡಿದ್ದು ತಿಪ್ಪಿ ಹಿತ್ತಲಲ್ಲೇ, ನನ್ನ ಕಣ್ಣಾರೆ ನೋಡಿದ್ದೀನಿ. ಕೊಟ್ಟ ಮಾತಂದ್ರೆ ಮಾತು. ತಾರೋ ಜೋಗಾ, ಕಾಲಿಗೆ ನೀರು!"

"ಹಂಗೇ ಮಾಡ್ತೀನಿ ಈರತ್ತೆ!"

ಜೋಗ ಒಳಗೆ ಓಡಿದ. ಫಳಫಳ ಅನ್ನುವ ಚೆಂಬಿನಲ್ಲಿ ನೀರು ತಂದ. ಈರಕ್ಕ ಬಾಗಿಲಲ್ಲಿ ಕಾಲು ಮುಂದೆ ಮಾಡಿ ನಿಂತಳು. ಜೋಗ ಅವಳ ಬೆನ್ನು ನೋಡಿದ, ಮುಳ್ಳಿರಲಿಲ್ಲ. ಅವಳನ್ನು ದಾಟಿ ಮುಂದೆ ಹೋದ. ಬದನೆ ಗಿಡದ ನಡುವೆ ಕೂತಿದ್ದ ಅವ್ವನ ಕಾಲ ಮೇಲೆ ಚೆಂಬಿನ ನೀರನ್ನೆಲ್ಲ ಸುರಿದ.

"ಅವ್ವಾ, ಇವತ್ತು ನೀನೇ ನೆಂಟರು. ಉಣ್ಣದೆ ಏಳಬಾರದು."

ಬೀದಿಯ ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ಮಾಳಕ್ಕ ನಗುತ್ತಲೇ ಮುಳ್ಳು ಕೀಳುತ್ತಿದ್ದಳು. ರವಿಕೆಯದು ಮುಗಿಯಿತು, ಸೀರೆಯದು ಮುಗಿಯಿತು, ಇನ್ನು ಮುಡಿಯಲ್ಲಿ ಒಂದೆರಡು ಉಳಿದಿದ್ದವು. ಜೋಗನ ಮುಖ ಮಾತ್ರ ಸಣ್ಣದಾಗುತ್ತಾ ಬಂತು. ಮೆಲ್ಲಗೆ ಹೋಗಿ ಗೋಡೆಗೆ ಒರಗಿಸಿದ್ದ ಕೋಲು ತಂದು ಅವ್ವನ ಎದುರು ನಿಂತ. ಕಣ್ಣಲ್ಲಿ ನೀರು ತುಂಬಿತ್ತು.

"ಚಿಕ್ಕವ್ವಾ, ಸಾಕು ಬಿಡು! ಎಲ್ಲಾ ಕಿತ್ತುಬಿಟ್ರೆ ನಾನು ಅವ್ವನ್ನೇ ಓಡಿಸ್ಬೇಕಾಗ್ತದೆ!"

ತಿಪ್ಪಕ್ಕ ಬೈಯಲು ಬಾಯಿ ತೆರೆದಳು. 'ಅಯ್ಯೋ ನನ್ನ ಕರ್ಮವೇ' ಅನ್ನುವುದು ನಾಲಿಗೆಯ ತುದಿಗೇ ಬಂದಿತ್ತು. ಬೈದರೆ ಆಮೇಲೊಂದು ಬುದ್ಧಿಮಾತು ಹೇಳಬೇಕು. ಹೇಳಿದರೆ ಇವನು ಅದನ್ನೂ ಮಾಡುತ್ತಾನೆ! ಬಾಯಿ ಮುಚ್ಚಿಕೊಂಡಳು. ಹಿಂದಕ್ಕೆ ಕೈ ಚಾಚಿ ಮಾಳಕ್ಕನ ಕೈ ಹಿಡಿದುಕೊಂಡಳು.

"ಒಂದು ಮುಳ್ಳು ಇರಲಿ ಬಿಡೇ ಮಾಳೀ" ಅಂದಳು. "ನಾನು ಮನೆಯೊಳಕ್ಕೆ ಹೋಗ್ಬೇಕು."